ತಿಂಗಳು ತುಂಬದ ಮಗುವಿಗೆ ರಕ್ತ ಏರಿಸಬೇಕು ಅಂದಾಗ: ಅಪ್ಪ ಅಮ್ಮನಿಗೆ ಒಂದು ಮಾರ್ಗದರ್ಶಿ

"ಮಗುವಿಗೆ ರಕ್ತ ಕಮ್ಮಿ ಆಗಿದೆ, ಏರಿಸಬೇಕು. ಇಲ್ಲೊಂದು ಸಹಿ ಹಾಕಿ." ಎನ್‌ಐಸಿಯು, ಅಂದರೆ ನವಜಾತ ಶಿಶುಗಳ ತೀವ್ರ ನಿಗಾ ಘಟಕದ ಬಾಗಿಲಲ್ಲಿ ಈ ಮಾತು ಕೇಳಿದ ಎಷ್ಟೋ ಅಪ್ಪಂದಿರ ಮುಖ ನನಗೆ ನೆನಪಿದೆ. ಪೆನ್ನು ಹಿಡಿದ ಕೈ ಅಲ್ಲೇ ನಿಂತುಬಿಡುತ್ತದೆ. ಕೇಳಬೇಕಾದ ಪ್ರಶ್ನೆ ನೂರಿದ್ದರೂ ಬಾಯಿಗೆ ಬರುವುದು ಒಂದೇ. "ಮಗು ಉಳಿಯುತ್ತಾ ಸಿಸ್ಟರ್?"

ನಾನು ನವಜಾತ ಶಿಶುಗಳ ಘಟಕದಲ್ಲಿ ಬಹಳ ವರ್ಷ ನರ್ಸ್ ಆಗಿ ಕೆಲಸ ಮಾಡಿದವಳು. ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಂದು ತಪ್ಪು ಮಾಡಿದ್ದೆ. ಅಪ್ಪನ ಸಹಿ ಆಗಿತ್ತು, ಆದರೆ ವಾರ್ಡಿನಲ್ಲಿದ್ದ ಅಮ್ಮನಿಗೆ ಯಾರೂ ವಿಷಯ ಹೇಳಿರಲಿಲ್ಲ, ನಾನೂ ಹೇಳಿರಲಿಲ್ಲ. ಅವರು ಹಾಲು ಕೊಡಲು ಬಂದವರು ಮಗುವಿನ ಕೈಗೆ ಹೋಗುತ್ತಿದ್ದ ಕೆಂಪು ನಳಿಗೆ ನೋಡಿ ಅಲ್ಲೇ ಕುಸಿದು ಕೂತರು. ಅವತ್ತಿನಿಂದ ಒಂದು ರೂಢಿ ಮಾಡಿಕೊಂಡೆ. ರಕ್ತ ಏರಿಸುವ ಮೊದಲು ಅಮ್ಮನ ಪಕ್ಕ ಹತ್ತು ನಿಮಿಷ ಕೂತು ಎಲ್ಲ ಹೇಳುತ್ತೇನೆ. ಆ ಹತ್ತು ನಿಮಿಷದ ಮಾತನ್ನೇ ಇಲ್ಲಿ ಸ್ವಲ್ಪ ಬಿಡಿಸಿ ಬರೆಯುತ್ತಿದ್ದೇನೆ. ಔಷಧಿ, ಅಳತೆ, ನಿರ್ಧಾರ ಎಲ್ಲ ನಿಮ್ಮ ಡಾಕ್ಟರದ್ದೇ. ಅವರ ಎದುರು ಗಾಬರಿ ಇಲ್ಲದೆ ಕೂತು ಮಾತಾಡಲು ಇದು ನಿಮಗೆ ನೆರವಾಗಲಿ.

ಹೆಜ್ಜೆ 1: ರಕ್ತ ಯಾಕೆ ಕಮ್ಮಿಯಾಯಿತು ಅಂತ ತಿಳಿದುಕೊಳ್ಳಿ

"ನಾನು ಸರಿಯಾಗಿ ಊಟ ಮಾಡಲಿಲ್ಲ, ಅದಕ್ಕೇ ಹೀಗಾಯ್ತು" ಅಂತ ಅಳುವ ಬಾಣಂತಿಯರು ತುಂಬ ಜನ. ಮೊದಲು ಆ ಭಾರ ಇಳಿಸಿ. ತಿಂಗಳು ತುಂಬುವ ಮೊದಲೇ ಹುಟ್ಟಿದ ಮಗುವಿಗೆ ರಕ್ತ ಕಮ್ಮಿಯಾಗುವುದಕ್ಕೆ ಅದರದೇ ಕಾರಣಗಳಿವೆ.

ತಾಯಿಯಿಂದ ಮಗುವಿಗೆ ಕಬ್ಬಿಣದ ಅಂಶ ಹೆಚ್ಚಾಗಿ ಹೋಗುವುದು ಬಸುರಿನ ಕೊನೆಯ ಮೂರು ತಿಂಗಳಲ್ಲಿ. 28 ವಾರಕ್ಕೇ ಹುಟ್ಟಿದ ಮಗು ಆ ಬುತ್ತಿ ಕಟ್ಟಿಕೊಳ್ಳುವ ಮೊದಲೇ ಹೊರಟು ಬಂದಿರುತ್ತದೆ. ಇನ್ನೊಂದು ಕಾರಣ ಹಾರ್ಮೋನಿನದು. "ಕೆಂಪುಕಣ ಮಾಡು" ಅಂತ ಮೂಳೆಯ ಮಜ್ಜೆಗೆ ಹೇಳುವ ಹಾರ್ಮೋನಿನ ಹೆಸರು ಎರಿಥ್ರೊಪೊಯೆಟಿನ್. ಹೊಟ್ಟೆಯೊಳಗಿದ್ದಾಗ ಇದು ಮುಖ್ಯವಾಗಿ ಲಿವರ್‌ನಲ್ಲಿ ತಯಾರಾಗುತ್ತದೆ, ಆಮೇಲೆ ಆ ಕೆಲಸ ಕಿಡ್ನಿಗೆ ಹೋಗುತ್ತದೆ. ಆಮ್ಲಜನಕ ಕಮ್ಮಿಯಾದರೆ ಕಿಡ್ನಿ ಬೇಗ ಎಚ್ಚರವಾಗುತ್ತದೆ, ಲಿವರ್ ನಿಧಾನ. ಬೇಗ ಹುಟ್ಟಿದ ಮಗು ಇನ್ನೂ ಲಿವರ್ ಕಾಲದಲ್ಲೇ ಇರುತ್ತದೆ. ಹಾಗಾಗಿ ರಕ್ತ ಇಳಿದರೂ ಮಜ್ಜೆಗೆ ಕರೆ ತಡವಾಗಿ ಹೋಗುತ್ತದೆ. ಕೆಂಪುಕಣದ ಆಯುಸ್ಸೂ ಈ ಮಕ್ಕಳಲ್ಲಿ ಕಡಿಮೆ. ದೊಡ್ಡವರಲ್ಲಿ 120 ದಿನ ಇದ್ದರೆ ಇವರಲ್ಲಿ ಸುಮಾರು 40ರಿಂದ 60 ದಿನ. ಅದರ ಮೇಲೆ ಮಗು ಬೇಗ ಬೇಗ ಬೆಳೆಯುತ್ತಿರುತ್ತದೆ. ಮೈ ದೊಡ್ಡದಾದಷ್ಟು ಇರುವ ರಕ್ತ ತೆಳುವಾಗುತ್ತದೆ.

ಎಲ್ಲಕ್ಕಿಂತ ಜನರಿಗೆ ಗೊತ್ತಿಲ್ಲದ ಕಾರಣ ಪರೀಕ್ಷೆಗೆ ತೆಗೆಯುವ ರಕ್ತ. ಲೆಕ್ಕ ನೋಡಿ. ಇಂಥ ಮಗುವಿನ ಮೈಯಲ್ಲಿ ಒಂದು ಕೆಜಿಗೆ ಸುಮಾರು 90 ಎಂಎಲ್ ರಕ್ತ ಇರುತ್ತದೆ. ಅಂದರೆ 1 ಕೆಜಿ ಮಗುವಿನ ಒಟ್ಟು ರಕ್ತ ಒಂದು ಸಣ್ಣ ಕಾಫಿ ಲೋಟದಷ್ಟು. ಪರೀಕ್ಷೆಗೆ 1 ಎಂಎಲ್ ತೆಗೆದರೆ ನೂರರಲ್ಲಿ ಒಂದು ಪಾಲಿಗಿಂತ ಜಾಸ್ತಿ ಹೋಯಿತು. ದೊಡ್ಡವರಿಂದ ಒಂದೇ ಸಲ 50 ಎಂಎಲ್ ಎಳೆದ ಹಾಗೆ. ಮೊದಲ ಎರಡು ವಾರದಲ್ಲಿ ಇಂಥ ಪರೀಕ್ಷೆ ಎಷ್ಟು ಬಾರಿ ಆಗುತ್ತದೆ ಅಂತ ನಿಮಗೇ ಗೊತ್ತು. ಬೇಕಾಗಿಯೇ ತೆಗೆಯುತ್ತೇವೆ, ಆದರೂ ಹೋದದ್ದು ಹೋದದ್ದೇ.

ಒಂಬತ್ತು ತಿಂಗಳು ತುಂಬಿ ಹುಟ್ಟಿದ ಮಗುವಿಗೂ 8ರಿಂದ 12 ವಾರದ ಹೊತ್ತಿಗೆ ಹಿಮೋಗ್ಲೋಬಿನ್ (ಎಚ್‌ಬಿ, ಕೆಂಪುಕಣದಲ್ಲಿ ಆಮ್ಲಜನಕ ಹೊರುವ ಅಂಶ) ಇಳಿದು, ಆಮೇಲೆ ತಾನಾಗಿ ಏರುತ್ತದೆ. ಬೇಗ ಹುಟ್ಟಿದವರಲ್ಲಿ ಈ ಇಳಿತ 4ರಿಂದ 8 ವಾರಕ್ಕೇ ಬರುತ್ತದೆ, ಜಾಸ್ತಿ ಆಳಕ್ಕೂ ಹೋಗುತ್ತದೆ. ತೀರ ಪುಟ್ಟ ಮಕ್ಕಳಲ್ಲಿ 100 ಎಂಎಲ್ ರಕ್ತಕ್ಕೆ 7–8 ಗ್ರಾಂವರೆಗೆ ಇಳಿಯುವುದುಂಟು.

ಒಂದು ಎಚ್ಚರಿಕೆ. ಹುಟ್ಟಿದ ಮೊದಲ ಕೆಲವು ದಿನಗಳಲ್ಲೇ ರಕ್ತ ತೀರ ಕಮ್ಮಿಯಾದರೆ ಅದು ಈ ನಿಧಾನದ ಇಳಿತ ಆಗಿರಲಿಕ್ಕಿಲ್ಲ. ಎಲ್ಲಾದರೂ ರಕ್ತಸ್ರಾವ, ತಾಯಿ ಮಗುವಿನ ರಕ್ತದ ಗುಂಪು ಹೊಂದದಿರುವುದು, ಸೋಂಕು ಹೀಗೆ ಬೇರೆ ಕಾರಣ ಹುಡುಕಬೇಕಾಗುತ್ತದೆ. ರಕ್ತಸ್ರಾವವಾಗಿ ಮಗು ಕುಸಿದಿದ್ದರೆ ಆಗ ಮಾತುಕತೆಗೆ ಹೊತ್ತಿಲ್ಲ. ಒ ನೆಗೆಟಿವ್ ರಕ್ತ ತಕ್ಷಣ ಕೊಡುತ್ತಾರೆ, ಕೊಡಲಿ. ಮುಂದೆ ಹೇಳುವುದೆಲ್ಲ ಅಂಥ ತುರ್ತು ಇಲ್ಲದ ಮಕ್ಕಳ ವಿಷಯ.

ಹೆಜ್ಜೆ 2: ನಂಬರ್ ಒಂದನ್ನೇ ಹಿಡಿದುಕೊಂಡು ಕೂರಬೇಡಿ

"ಪಕ್ಕದ ಮಗುವಿಗೆ 9 ಇದ್ದಾಗಲೇ ರಕ್ತ ಹಾಕಿದರು, ನಮ್ಮದಕ್ಕೆ 8 ಇದ್ದರೂ ಹಾಕುತ್ತಿಲ್ಲ, ಯಾಕೆ?" ಕಾರಿಡಾರಿನಲ್ಲಿ ದಿನಾ ಕೇಳುವ ಮಾತು. ನ್ಯಾಯವಾದ ಪ್ರಶ್ನೆಯೇ.

ಉತ್ತರ ಇದು. ಡಾಕ್ಟರು ಮೂರು ವಿಷಯ ಒಟ್ಟಿಗೆ ನೋಡುತ್ತಾರೆ: ಹಿಮೋಗ್ಲೋಬಿನ್ ಎಷ್ಟಿದೆ, ಮಗು ಹುಟ್ಟಿ ಎಷ್ಟು ವಾರ ಆಯಿತು, ಉಸಿರಾಟಕ್ಕೆ ಯಂತ್ರದ ಆಸರೆ ಇದೆಯೇ. 30 ವಾರಕ್ಕಿಂತ ಮೊದಲೇ ಹುಟ್ಟಿದ ಮಕ್ಕಳಿಗೆ 2024ರಲ್ಲಿ ಹಲವು ದೇಶಗಳ ತಜ್ಞರು ಸೇರಿ ಮಾಡಿದ ಶಿಫಾರಸು ಹೀಗಿದೆ. ಉಸಿರಾಟದ ಆಸರೆಯಲ್ಲಿರುವ ಮಗುವಾದರೆ ಮೊದಲ ವಾರದಲ್ಲಿ 11 ಗ್ರಾಂಗಿಂತ, ಎರಡನೇ ವಾರದಲ್ಲಿ 10ಕ್ಕಿಂತ, ಮೂರನೇ ವಾರದಿಂದ 9ಕ್ಕಿಂತ ಕೆಳಗಿಳಿದಾಗ ರಕ್ತ ಕೊಡುವ ಯೋಚನೆ ಮಾಡಬೇಕು. ತಾನಾಗಿ ಉಸಿರಾಡುತ್ತಿರುವ ಮಗುವಿಗೆ ಇದೇ ಗೆರೆಗಳು 10, 8.5 ಮತ್ತು 7. ಹಾಗಾಗಿ ಪಕ್ಕದ ಮಗು ಸಿಪ್ಯಾಪ್ (ಮೂಗಿನ ಮೂಲಕ ಒತ್ತಡದಲ್ಲಿ ಗಾಳಿ ಕೊಡುವ ಯಂತ್ರ) ಮೇಲೆ ಹತ್ತನೇ ದಿನದಲ್ಲಿದ್ದು, ನಿಮ್ಮ ಮಗು ಐದನೇ ವಾರದಲ್ಲಿ ತಾನೇ ಉಸಿರಾಡಿಕೊಂಡು ಹಾಲು ಕುಡಿಯುತ್ತಿದ್ದರೆ, ಇಬ್ಬರಿಗೂ ಒಂದೇ ಗೆರೆ ಹಾಕಲು ಆಗುವುದಿಲ್ಲ. ನಿಮ್ಮ ಆಸ್ಪತ್ರೆಯ ಗೆರೆ ಇದಕ್ಕಿಂತ ಸ್ವಲ್ಪ ಆಚೀಚೆ ಇರಬಹುದು. ಸೋಂಕು, ಆಪರೇಷನ್, ಹೃದಯದ ತೊಂದರೆ ಇದ್ದರೂ ಬದಲಾಗುತ್ತದೆ.

ಈ ಗೆರೆಗಳನ್ನು ಯಾರೋ ಕೂತು ಅಂದಾಜಿನಲ್ಲಿ ಎಳೆದದ್ದಲ್ಲ. ರಕ್ತ ಜಾಸ್ತಿ ಇಟ್ಟರೆ ಮಿದುಳು ಚೆನ್ನಾಗಿ ಬೆಳೆಯುತ್ತದೇನೋ ಅಂತ ಬಹಳ ಕಾಲ ಎಲ್ಲರಿಗೂ ಅನುಮಾನ ಇತ್ತು. ಅದನ್ನು ಪರೀಕ್ಷಿಸಲೆಂದೇ ಎರಡು ದೊಡ್ಡ ಅಧ್ಯಯನ ನಡೆದವು. ಎರಡರ ಫಲಿತಾಂಶವೂ 2020ರಲ್ಲಿ ಹೊರಬಂತು. ಅಮೆರಿಕದ ಟಾಪ್ ಅಧ್ಯಯನದಲ್ಲಿ 1824 ಮಕ್ಕಳು, ಯುರೋಪಿನ ಎಟ್ನೊ ಅಧ್ಯಯನದಲ್ಲಿ 1013 ಮಕ್ಕಳು. ಒಂದು ಗುಂಪಿಗೆ ಎಚ್‌ಬಿ ಸ್ವಲ್ಪ ಇಳಿದ ಕೂಡಲೇ ರಕ್ತ ಕೊಟ್ಟರು, ಇನ್ನೊಂದಕ್ಕೆ ಇನ್ನಷ್ಟು ಇಳಿಯುವವರೆಗೆ ಕಾದರು. ಸುಮಾರು ಎರಡು ವರ್ಷ ತುಂಬಿದ ಮೇಲೆ ನೋಡಿದಾಗ ಬದುಕುಳಿಯುವುದರಲ್ಲಾಗಲಿ, ಮಿದುಳಿನ ಬೆಳವಣಿಗೆಯಲ್ಲಾಗಲಿ ಎರಡೂ ಗುಂಪಿಗೆ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ.

ಅಪ್ಪ ಅಮ್ಮನಿಗೆ ಇದರಲ್ಲಿ ದೊಡ್ಡ ಸಮಾಧಾನ ಇದೆ. ಡಾಕ್ಟರು "ಇನ್ನೂ ಕಾಯೋಣ" ಅಂದರೆ ನಿಮ್ಮ ಮಗುವನ್ನು ಕಡೆಗಣಿಸಿದರು ಅಂತಲ್ಲ. ಹೊರಗಿನ ರಕ್ತ ಬಂದಾಗ ಮಗುವಿನ ಮೈ "ಸಾಕಷ್ಟಿದೆ" ಅಂದುಕೊಂಡು ಸ್ವಂತ ರಕ್ತ ಮಾಡುವುದನ್ನು ಸ್ವಲ್ಪ ನಿಧಾನ ಮಾಡುತ್ತದೆ. ಆದ್ದರಿಂದ ಸುಮ್ನೆ ನಂಬರ್ ಚೆನ್ನಾಗಿ ಕಾಣಲಿ ಅಂತ ರಕ್ತ ಏರಿಸಿ ಎಂದು ಒತ್ತಾಯ ಮಾಡಬೇಡಿ. ಹಾಗೆಯೇ, ಮಗು ಹಾಲು ಕುಡಿಯುವಾಗ ಸುಸ್ತಾಗುತ್ತಿದ್ದರೆ, ಹೃದಯದ ಬಡಿತ ಏರುತ್ತಲೇ ಇದ್ದರೆ, ಉಸಿರು ನಿಂತು ನಿಂತು ಬರುತ್ತಿದ್ದರೆ, ಹಾಲು ಸಾಕಷ್ಟು ಹೋಗುತ್ತಿದ್ದರೂ ತೂಕ ಏರದಿದ್ದರೆ, ಡಾಕ್ಟರು ರಕ್ತ ಬೇಕು ಎಂದಾಗ ಹಿಂಜರಿಯಲೂ ಬೇಡಿ.

ಹೆಜ್ಜೆ 3: ಸಹಿಗೆ ಮೊದಲು ಕೇಳಿ

ಪ್ರಶ್ನೆ ಕೇಳಿದರೆ ಡಾಕ್ಟರು ಬೇಜಾರು ಮಾಡಿಕೊಳ್ಳುತ್ತಾರೆ ಅಂತ ಹೆದರಬೇಡಿ. ಇಷ್ಟನ್ನು ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ:

– ಈಗ ಎಚ್‌ಬಿ ಎಷ್ಟು? ಹಿಂದಿನ ಸಲ ಎಷ್ಟಿತ್ತು?
– ರೆಟಿಕ್ಯುಲೊಸೈಟ್ ಪರೀಕ್ಷೆ ಆಗಿದೆಯಾ?
– ಇವತ್ತೇ ಬೇಕಾ, ಎರಡು ದಿನ ಕಾದು ನೋಡಬಹುದಾ?
– ಎಷ್ಟು ಎಂಎಲ್, ಎಷ್ಟು ಗಂಟೆ?
– ಲ್ಯೂಕೊ ರೆಡ್ಯೂಸ್ಡ್ ರಕ್ತವಾ? ಇರ್ರೇಡಿಯೇಟ್ ಮಾಡಿದ್ದಾ? (ಎರಡರ ಅರ್ಥವೂ ಹೆಜ್ಜೆ 4ರಲ್ಲಿದೆ)
– ಮುಂದೆ ಮತ್ತೆ ಬೇಕಾದರೆ ಅದೇ ದಾನಿಯ ರಕ್ತ ಸಿಗುವ ಹಾಗೆ ಮಾಡಬಹುದಾ?

ರೆಟಿಕ್ಯುಲೊಸೈಟ್ ಅಂದರೆ ಎಳೆಯ ಕೆಂಪುಕಣ. ಅದರ ಎಣಿಕೆ ಏರುತ್ತಿದ್ದರೆ ಮಜ್ಜೆ ಎಚ್ಚರವಾಗಿ ಕೆಲಸ ಶುರು ಮಾಡಿದೆ ಅಂತ ಅರ್ಥ. ಆರಾಮಾಗಿರುವ ಮಗುವಿನಲ್ಲಿ ಎಚ್‌ಬಿ ಕಮ್ಮಿ ಇದ್ದರೂ ಎಳೆಯ ಕಣ ಚೆನ್ನಾಗಿ ಏರಿದ್ದರೆ ಎಷ್ಟೋ ಸಲ ರಕ್ತ ಬೇಕಾಗುವುದೇ ಇಲ್ಲ.

ಇನ್ನೊಂದು ಮರೆತುಹೋಗುವ ಮಾತು. ನವಜಾತ ಶಿಶುಗಳಿಗೆ ಹಿಮ್ಮಡಿ ಚುಚ್ಚಿ ಮಾಡುವ ಸ್ಕ್ರೀನಿಂಗ್ ಪರೀಕ್ಷೆ ಇದೆಯಲ್ಲ, ಅದಕ್ಕೆ ಬೇಕಾದ ಹನಿಗಳನ್ನು ರಕ್ತ ಏರಿಸುವ ಮೊದಲೇ ತೆಗೆದಿಡಲು ಸಾಧ್ಯವಾ ಕೇಳಿ. ರಕ್ತ ಏರಿದ ಮೇಲೆ ಜಿ6ಪಿಡಿ (ಕೆಂಪುಕಣದ ಒಂದು ಕಿಣ್ವ) ಕೊರತೆ, ಹಿಮೋಗ್ಲೋಬಿನ್ ದೋಷದಂಥ ಕೆಲವು ಪರೀಕ್ಷೆಗಳಲ್ಲಿ ದಾನಿಯ ಕಣಗಳ ಉತ್ತರವೇ ಬಂದುಬಿಡಬಹುದು.

ಹೆಜ್ಜೆ 4: ಯಾರ ರಕ್ತ? ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ

ಒಬ್ಬ ಅಪ್ಪ ಅಂಗಿ ತೋಳು ಮಡಚಿಕೊಂಡೇ ಎನ್‌ಐಸಿಯು ಬಾಗಿಲಿಗೆ ಬಂದಿದ್ದರು. "ನನ್ನದೂ ಮಗುವಿನದೂ ಒಂದೇ ಗುಂಪು. ನನ್ನದೇ ತಗೊಳ್ಳಿ. ಬೇರೆಯವರದು ಯಾಕೆ?" ಅವರ ಕಣ್ಣಲ್ಲಿ ನೀರಿತ್ತು. ಬೇಡ ಅನ್ನುವುದು ನನಗೂ ಸುಲಭ ಇರಲಿಲ್ಲ. ಆದರೆ ಬೇಡ ಅನ್ನಲೇಬೇಕಿತ್ತು.

ಹತ್ತಿರದ ರಕ್ತಸಂಬಂಧಿಯ ರಕ್ತ ಇಂಥ ಮಗುವಿಗೆ ಜಾಸ್ತಿ ಸುರಕ್ಷಿತ ಅನ್ನಿಸುತ್ತದೆ. ನಿಜ ಬೇರೆ. ದಾನಿಯ ರಕ್ತದಲ್ಲಿ ಬಿಳಿಕಣಗಳೂ ಇರುತ್ತವೆ. ಅಪರಿಚಿತನ ಬಿಳಿಕಣ ಬಂದರೆ ಮೈ "ಇದು ನನ್ನದಲ್ಲ" ಅಂತ ಗುರುತಿಸಿ ನಾಶ ಮಾಡುತ್ತದೆ. ಅಪ್ಪನದೋ ಚಿಕ್ಕಪ್ಪನದೋ ಆದರೆ ಅದು ಮಗುವಿನ ಕಣದಂತೆಯೇ ಕಾಣಬಹುದು. ಹೀಗೆ ಗುರುತು ತಪ್ಪಿಸಿಕೊಂಡ ಬಿಳಿಕಣಗಳು ಒಳಗೆ ನೆಲೆಯೂರಿ ಮಗುವಿನ ಮೈಯ ಮೇಲೇ ದಾಳಿ ಮಾಡುವ ಅಪರೂಪದ ಕಾಯಿಲೆ ಒಂದಿದೆ. ಬಂದರೆ ಉಳಿಯುವುದು ತೀರ ಕಷ್ಟ. ಅದನ್ನು ತಡೆಯಲು ರಕ್ತದ ಚೀಲಕ್ಕೆ ವಿಕಿರಣ ಕೊಡುತ್ತಾರೆ. ಅದಕ್ಕೇ ಇರ್ರೇಡಿಯೇಟ್ ಮಾಡುವುದು ಅನ್ನುವುದು. ಆ ಯಂತ್ರ ಎಲ್ಲ ಊರಿನ ರಕ್ತ ಕೇಂದ್ರದಲ್ಲೂ ಇರುವುದಿಲ್ಲ. ಅಪ್ಪನ ರಕ್ತಕ್ಕೆ ಇನ್ನೊಂದು ತೊಡಕೂ ಇದೆ. ಬಸುರಿನಲ್ಲಿ ತಾಯಿಯ ಮೈ ಅಪ್ಪನ ಕಡೆಯ ಗುರುತುಗಳ ವಿರುದ್ಧ ಪ್ರತಿಕಾಯ ಮಾಡಿಕೊಂಡಿರಬಹುದು. ಅವು ಮಾಸಿನ ಮೂಲಕ ಮಗುವಿಗೂ ಬಂದಿರುತ್ತವೆ. ಅಪ್ಪನ ಕೆಂಪುಕಣ ಒಳಗೆ ಹೋದರೆ ಅವು ಅದನ್ನೇ ಒಡೆಯಬಹುದು.

ಆ ಅಪ್ಪನಿಗೆ ಇದನ್ನೆಲ್ಲ ಹೇಳಿ, ಕೊನೆಗೆ ಕೇಳಿಕೊಂಡೆ. "ನಿಮ್ಮ ರಕ್ತ ಕೊಡಿ, ಆದರೆ ರಕ್ತ ಕೇಂದ್ರಕ್ಕೆ ಕೊಡಿ. ಬೇರೆ ಯಾರಿಗೋ ಬೇಕಾಗುತ್ತದೆ." ಹೋಗಿ ಕೊಟ್ಟು ಬಂದರು. ನೀವೂ ಹಾಗೆ ಮಾಡಬಹುದು. ವಯಸ್ಸು 18ರಿಂದ 65ರೊಳಗೆ, ತೂಕ ಕನಿಷ್ಠ 45 ಕೆಜಿ, ಹಿಮೋಗ್ಲೋಬಿನ್ ಕನಿಷ್ಠ 12.5 ಇರಬೇಕು. ಗಂಡಸರು ಮೂರು ತಿಂಗಳಿಗೊಮ್ಮೆ, ಹೆಂಗಸರು ನಾಲ್ಕು ತಿಂಗಳಿಗೊಮ್ಮೆ ಕೊಡಬಹುದು. ಆದರೆ ಬಾಣಂತಿ ಈಗ ಕೊಡುವ ಹಾಗಿಲ್ಲ. ದುಡ್ಡು ಕೊಟ್ಟು ದಾನಿಯನ್ನು ಕರೆತರುವ ಕೆಲಸಕ್ಕೆ ಮಾತ್ರ ಕೈ ಹಾಕಬೇಡಿ. ಸುಪ್ರೀಂ ಕೋರ್ಟ್ ಆದೇಶದಂತೆ 1998ರಿಂದ ದೇಶದಲ್ಲಿ ರಕ್ತ ಮಾರುವುದು ನಿಂತಿದೆ, ಅದು ಕಾನೂನಿಗೆ ವಿರುದ್ಧ.

"ಮಗುವಿನ ಗುಂಪು ಬಿ ಪಾಸಿಟಿವ್, ಒ ಗುಂಪಿನ ಚೀಲ ತಂದಿದ್ದಾರೆ, ಬದಲಾಗಿದೆ!" ಅಂತ ಗಾಬರಿಯಾಗಿ ಓಡಿ ಬಂದವರಿದ್ದಾರೆ. ಗಮನಿಸಿದ್ದು ಒಳ್ಳೆಯದೇ. ಎಷ್ಟೋ ಸಲ ಅದು ತಪ್ಪಾಗಿರುವುದಿಲ್ಲ. ಮಗುವಿನ ರಕ್ತದಲ್ಲಿರುವ ಪ್ರತಿಕಾಯಗಳು ತಾಯಿಯಿಂದ ಬಂದವು. ಹಾಗಾಗಿ ಮಗುವಿಗೆ ಮಾತ್ರ ಹೊಂದಿದರೆ ಸಾಲದು, ತಾಯಿಯ ರಕ್ತಕ್ಕೂ ಹೊಂದಬೇಕು. ಒ ಗುಂಪಿನ ಕೆಂಪುಕಣದ ಮೇಲೆ ಎ ಅಥವಾ ಬಿ ಗುರುತು ಇರುವುದಿಲ್ಲ, ಅದಕ್ಕೇ ಅದನ್ನು ಆರಿಸುತ್ತಾರೆ. ಇದರಿಂದ ಮಗುವಿನ ಗುಂಪು ಬದಲಾಗುವುದಿಲ್ಲ. ಆದರೆ ಕೆಲವು ವಾರ ಗುಂಪಿನ ಪರೀಕ್ಷೆಯಲ್ಲಿ ಗೊಂದಲ ಬರಬಹುದು. ಆದ್ದರಿಂದ ರಕ್ತ ಏರಿಸುವ ಮೊದಲಿನ ಗುಂಪಿನ ಚೀಟಿ ಜೋಪಾನ ಮಾಡಿ.

ಇದರಿಂದಲೇ ಒಂದು ಬಹಳ ಮುಖ್ಯವಾದ ಕೆಲಸ ಹುಟ್ಟುತ್ತದೆ. ನಮ್ಮಲ್ಲಿ ಎಷ್ಟೋ ಸಲ ಹೆರಿಗೆ ತಾಲ್ಲೂಕು ಆಸ್ಪತ್ರೆಯಲ್ಲಿ ಆಗುತ್ತದೆ, ಮಗುವನ್ನು ಮಾತ್ರ 108ರಲ್ಲಿ ಜಿಲ್ಲಾ ಆಸ್ಪತ್ರೆಗೋ ಬೆಂಗಳೂರಿನ ವಾಣಿವಿಲಾಸಕ್ಕೋ ಮೈಸೂರಿನ ಚೆಲುವಾಂಬಕ್ಕೋ ಕಳಿಸುತ್ತಾರೆ. ಸಿಜೇರಿಯನ್ ಆದ ತಾಯಿ ಇಲ್ಲೇ, ಮಗು ಅಲ್ಲಿ. ರಕ್ತ ಹೊಂದಿಸಿ ನೋಡಲು ತಾಯಿಯ ರಕ್ತ ಬೇಕು ಅಂದಾಗ ಅಪ್ಪ ಮಧ್ಯರಾತ್ರಿ ಬಸ್ ಹಿಡಿದು ಹೋಗಿ ಬರಬೇಕಾಗುತ್ತದೆ. ಮಗುವನ್ನು ಸಾಗಿಸುವ ಹೊತ್ತಿಗೇ ಸಿಸ್ಟರ್ ಹತ್ತಿರ ಹೇಳಿ, ಹೆಸರು ಬರೆದ ತಾಯಿಯ ರಕ್ತದ ಸ್ಯಾಂಪಲ್ ಮತ್ತು ತಾಯಿ ಕಾರ್ಡ್ ಜೊತೆಗೇ ಕಳಿಸಿಕೊಡಿ. ಐದು ನಿಮಿಷದ ಈ ಕೆಲಸ ಮಗುವಿಗೆ ಹಲವು ಗಂಟೆ ಉಳಿಸುತ್ತದೆ.

ರಕ್ತ ಕೇಂದ್ರದಿಂದ ಬರುವ ಪ್ರತಿ ಚೀಲಕ್ಕೂ ಎಚ್‌ಐವಿ, ಹೆಪಟೈಟಿಸ್ ಬಿ, ಹೆಪಟೈಟಿಸ್ ಸಿ, ಸಿಫಿಲಿಸ್ ಮತ್ತು ಮಲೇರಿಯಾ ಪರೀಕ್ಷೆ ಕಡ್ಡಾಯ. ಅಪಾಯ ಪೂರ್ತಿ ಸೊನ್ನೆ ಅಂತ ಯಾರೂ ಹೇಳಲಾರರು, ಆದರೆ ಬಹಳ ಕಡಿಮೆ. ಲ್ಯೂಕೊ ರೆಡ್ಯೂಸ್ಡ್ ಅಂದರೆ ಬಿಳಿಕಣಗಳನ್ನು ಸೋಸಿ ತೆಗೆದ ರಕ್ತ. ಪುಟ್ಟ ಮಕ್ಕಳಿಗೆ ಕಾಟ ಕೊಡುವ ಸಿಎಂವಿ ವೈರಸ್ ಹೆಚ್ಚಾಗಿ ಆ ಕಣಗಳಲ್ಲೇ ಅಡಗಿರುವುದರಿಂದ ಇದರಿಂದ ತುಂಬ ಉಪಯೋಗ. ಇನ್ನು ಪೀಡಿ ಪ್ಯಾಕ್. ಒಬ್ಬ ದಾನಿಯ ಒಂದೇ ಚೀಲವನ್ನು ಪುಟ್ಟ ಪುಟ್ಟ ಚೀಲಗಳಿಗೆ ಹಂಚಿ, ಒಂದೇ ಮಗುವಿನ ಹೆಸರಿಗೆ ಇಟ್ಟಿರುತ್ತಾರೆ. ಮಗುವಿಗೆ ಎರಡು ಮೂರು ಸಲ ರಕ್ತ ಬೇಕಾದರೂ ದಾನಿ ಒಬ್ಬರೇ. "ಹಾಗಾದರೆ ರಕ್ತ ಹಳೆಯದಾಗುವುದಿಲ್ವಾ?" ಅಂತ ಕೇಳುತ್ತಾರೆ. ಇದನ್ನೂ ಪರೀಕ್ಷೆ ಮಾಡಿ ನೋಡಿದ್ದಾರೆ. ಕೆನಡಾದಲ್ಲಿ 377 ಮಕ್ಕಳ ಮೇಲೆ ನಡೆದು 2012ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಏಳು ದಿನದೊಳಗಿನ ತಾಜಾ ರಕ್ತ ಕೊಟ್ಟ ಮಕ್ಕಳಿಗೆ ಅದರಿಂದ ಹೆಚ್ಚಿನ ಲಾಭವೇನೂ ಆಗಲಿಲ್ಲ.

ಖರ್ಚಿನ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ಸರ್ಕಾರಿ ಆಸ್ಪತ್ರೆಯಲ್ಲಿ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಡಿ ಒಂದು ವರ್ಷದೊಳಗಿನ ಕಾಯಿಲೆ ಮಗುವಿಗೆ ಚಿಕಿತ್ಸೆ, ರಕ್ತ, ಸಾಗಣೆ ಎಲ್ಲ ಉಚಿತ. ಖಾಸಗಿ ಆಸ್ಪತ್ರೆಯಾದರೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆ ಅನ್ವಯಿಸುತ್ತದಾ ಅಂತ ರೇಷನ್ ಕಾರ್ಡ್ ಹಿಡಿದು ಮೊದಲ ದಿನವೇ ವಿಚಾರಿಸಿ. ಎಲ್ಲಿ ಯಾವ ಗುಂಪು ಇದೆ ಅಂತ ಇ-ರಕ್ತಕೋಶ್ ಪೋರ್ಟಲ್‌ನಲ್ಲಿ ನೋಡಬಹುದು.

ಹೆಜ್ಜೆ 5: ರಕ್ತ ಏರಿಸುವ ದಿನ

ನಿಮ್ಮ ಮನಸ್ಸಿನಲ್ಲಿ ದೊಡ್ಡ ಕೆಂಪು ಬಾಟಲಿಯ ಚಿತ್ರ ಇದ್ದರೆ ತೆಗೆದುಹಾಕಿ. ಸಾಮಾನ್ಯವಾಗಿ ಕೆಜಿಗೆ 15 ಎಂಎಲ್ ಕೊಡುತ್ತೇವೆ. 1 ಕೆಜಿ ಮಗುವಿಗೆ ಅದು ಮೂರು ಟೀ ಚಮಚದಷ್ಟು. ಒಂದು ಸಿರಿಂಜ್‌ನಲ್ಲಿ ತುಂಬಿ ಪಂಪಿಗೆ ಕೂರಿಸುತ್ತೇವೆ. ಪಂಪಿನ ಪರದೆ ಮೇಲೆ 5.0 ಅಂತ ಕಂಡರೆ ಗಂಟೆಗೆ 5 ಎಂಎಲ್, ಮೂರು ಗಂಟೆಯಲ್ಲಿ ಮುಗಿಯುತ್ತದೆ. ನೂಲಿಗಿಂತ ಸ್ವಲ್ಪ ದಪ್ಪದ ನಳಿಗೆಯಲ್ಲಿ ಕೆಂಪು ಗೆರೆ ಇಷ್ಟಿಷ್ಟೇ ಮುಂದೆ ಸರಿಯುವುದನ್ನು ನೋಡಬಹುದು. ಫ್ರಿಜ್‌ನಿಂದ ತೆಗೆದ ನಾಲ್ಕು ಗಂಟೆಯೊಳಗೆ ಮುಗಿಸಲೇಬೇಕು, ಉಳಿದದ್ದನ್ನು ಬಳಸುವುದಿಲ್ಲ.

ಶುರು ಮಾಡುವ ಮೊದಲು ಇಬ್ಬರು ಸೇರಿ ಚೀಲದ ಮೇಲಿನ ಹೆಸರು, ನಂಬರ್, ಗುಂಪು, ಅವಧಿ ಮುಗಿಯುವ ದಿನಾಂಕ ಎಲ್ಲವನ್ನೂ ಮಗುವಿನ ಕಾಲಿನ ಪಟ್ಟಿಯ ಜೊತೆ ಗಟ್ಟಿಯಾಗಿ ಓದಿ ತಾಳೆ ನೋಡುತ್ತೇವೆ. ಅವಳಿ ಮಕ್ಕಳಾದರೆ, ಒಂದೇ ಹೆಸರಿನ ಇನ್ನೊಬ್ಬ ತಾಯಿ ಇದ್ದರೆ ಎರಡು ಸಲ ಓದುತ್ತೇವೆ. ಆ ಹೊತ್ತಿಗೆ ನೀವು ಅಲ್ಲಿದ್ದರೆ ನೀವೂ ನೋಡಿ. ಯಾರೂ ಬೇಡ ಅನ್ನುವುದಿಲ್ಲ. ಆಮೇಲೆ ಮೊದಲ 15 ನಿಮಿಷ ನಿಧಾನವಾಗಿ ಬಿಟ್ಟು ಪಕ್ಕದಲ್ಲೇ ನಿಲ್ಲುತ್ತೇವೆ. ಬಡಿತ, ಉಸಿರು, ಮೈ ಬಿಸಿ, ಆಮ್ಲಜನಕ ಮತ್ತೆ ಮತ್ತೆ ನೋಡುತ್ತೇವೆ. ಇಷ್ಟು ಪುಟ್ಟ ಮಕ್ಕಳಲ್ಲಿ ದದ್ದು, ನಡುಕದಂಥ ಪ್ರತಿಕ್ರಿಯೆ ಅಪರೂಪ. ನಾವು ಹೆಚ್ಚು ಕಾಯುವುದು ಉಸಿರಾಟ ಭಾರವಾಗುತ್ತದಾ, ಮೈ ತಣ್ಣಗಾಗುತ್ತದಾ, ಸಕ್ಕರೆ ಅಂಶ ಇಳಿಯುತ್ತದಾ ಅಂತ.

ರಕ್ತ ಏರುವಾಗ ಹಾಲು ಕೊಡಬೇಕಾ ಬೇಡವಾ ಅನ್ನುವುದರಲ್ಲಿ ಎಲ್ಲ ಕಡೆ ಒಂದೇ ಪದ್ಧತಿ ಇಲ್ಲ. ಕೆಲವು ಕಡೆ ಕರುಳಿನ ತೊಂದರೆಯ ಭಯದಿಂದ ಒಂದೆರಡು ಹೊತ್ತಿನ ಹಾಲು ನಿಲ್ಲಿಸುತ್ತಾರೆ. ಇನ್ನು ಕೆಲವು ಕಡೆ ಕೊಡುತ್ತಾರೆ. ನಿಮ್ಮ ಘಟಕದ ಕ್ರಮ ಕೇಳಿಕೊಳ್ಳಿ. ನಿಲ್ಲಿಸಿದರೂ ಅಮ್ಮ ಮಾತ್ರ ಎರಡು ಮೂರು ಗಂಟೆಗೊಮ್ಮೆ ಹಾಲು ಹಿಂಡುವುದನ್ನು ಬಿಡಬಾರದು. ಹಿಂಡಿದ ಹಾಲು ಫ್ರಿಜ್‌ನಲ್ಲಿ ಕಾಯುತ್ತದೆ. ಹಿಂಡದೆ ಬಿಟ್ಟರೆ ಹಾಲೇ ಕಮ್ಮಿಯಾಗುತ್ತದೆ.

ಮುಗಿದ ಮೇಲೆ ಎಚ್‌ಬಿ ಸಾಮಾನ್ಯವಾಗಿ 3ರಿಂದ 4 ಗ್ರಾಂ ಏರುತ್ತದೆ. ಅದನ್ನು ನೋಡಲು ಆ ಕ್ಷಣವೇ ಮತ್ತೆ ರಕ್ತ ತೆಗೆಯಿರಿ ಅಂತ ಕೇಳಬೇಡಿ. ಮುಂದಿನ ಪರೀಕ್ಷೆಯ ಜೊತೆ ಗೊತ್ತಾಗುತ್ತದೆ.

ಹೆಜ್ಜೆ 6: ಮತ್ತೆ ರಕ್ತ ಬೇಕಾಗದ ಹಾಗೆ ನೋಡಿಕೊಳ್ಳುವುದು

ಇದು ಹುಟ್ಟಿದ ನಿಮಿಷದಿಂದಲೇ ಶುರುವಾಗುತ್ತದೆ. ಅವಧಿಗೆ ಮೊದಲೇ ಹೆರಿಗೆ ಆಗಬಹುದು ಅಂತ ಈಗಾಗಲೇ ಹೇಳಿದ್ದರೆ, ಹೊಕ್ಕುಳಬಳ್ಳಿಯನ್ನು ಸ್ವಲ್ಪ ತಡವಾಗಿ ಕಟ್ಟಲು ಆಗುತ್ತದಾ ಅಂತ ಹೆರಿಗೆ ಡಾಕ್ಟರನ್ನು ಈಗಲೇ ಕೇಳಿ. ಮಗು ಆರಾಮಾಗಿದ್ದರೆ ಒಂದು ನಿಮಿಷವೋ ಇನ್ನೂ ಸ್ವಲ್ಪ ಹೊತ್ತೋ ಕಾದರೆ ಮಾಸಿನಲ್ಲಿರುವ ಮಗುವಿನದೇ ರಕ್ತ ಮಗುವಿಗೆ ಬರುತ್ತದೆ. ಯಾವ ದಾನಿಯೂ ಕೊಡಲಾಗದ ರಕ್ತ ಅದು. ಬಳ್ಳಿಯನ್ನು ಹಿಂಡಿ ರಕ್ತ ನೂಕುವುದು ಮಾತ್ರ ಬೇರೆ ವಿಷಯ. 28 ವಾರಕ್ಕಿಂತ ಮೊದಲು ಹುಟ್ಟಿದವರಲ್ಲಿ ಅದರಿಂದ ಮಿದುಳಿನಲ್ಲಿ ರಕ್ತಸ್ರಾವ ಜಾಸ್ತಿಯಾಗುವುದು ಕಂಡುಬಂದಿದೆ, ಹಾಗಾಗಿ ಅವರಿಗೆ ಮಾಡುವುದಿಲ್ಲ.

ಮೊದಲ ದಿನದ ಕೆಲವು ಪರೀಕ್ಷೆಗಳನ್ನು ಮಾಸಿನ ಕಡೆಯ ಬಳ್ಳಿಯ ರಕ್ತದಲ್ಲೇ ಮಾಡಬಹುದು. ಆಮೇಲೂ ಬೇಕಾದ ಪರೀಕ್ಷೆಗಳನ್ನು ಒಟ್ಟು ಮಾಡಿ ಒಂದೇ ಸಲ, ಪುಟ್ಟ ಟ್ಯೂಬ್‌ನಲ್ಲಿ ತೆಗೆಯಬಹುದು. ಒಳ್ಳೆಯ ಘಟಕಗಳು ತೆಗೆದ ಪ್ರತಿ ಹನಿಯನ್ನೂ ಬರೆದಿಡುತ್ತವೆ. "ಇವತ್ತು ಎಷ್ಟು ಎಂಎಲ್ ತೆಗೆದಿರಿ?" ಅಂತ ಮೆತ್ತಗೆ ಕೇಳಿ ನೋಡಿ. ಆ ಒಂದು ಪ್ರಶ್ನೆಯಿಂದಲೇ ನಮ್ಮ ಕೈ ಇನ್ನಷ್ಟು ಹುಷಾರಾಗುತ್ತದೆ.

ಎರಿಥ್ರೊಪೊಯೆಟಿನ್ ಇಂಜೆಕ್ಷನ್ ಬಗ್ಗೆ ಓದಿಕೊಂಡು ಬರುವವರಿದ್ದಾರೆ. ಅದರಿಂದ ರಕ್ತ ಏರಿಸುವ ಸರದಿ ಸ್ವಲ್ಪ ಕಮ್ಮಿಯಾಗುತ್ತದೆ ನಿಜ. ಆದರೆ 941 ಮಕ್ಕಳಿದ್ದ 2020ರ ಪೆನಟ್ ಅಧ್ಯಯನದಲ್ಲಿ ಮಿದುಳಿಗೆ ಸಿಗಬಹುದು ಅಂದುಕೊಂಡಿದ್ದ ಲಾಭ ಸಿಗಲಿಲ್ಲ. ಎಲ್ಲ ಮಕ್ಕಳಿಗೂ ಕೊಡುವ ಔಷಧಿ ಅದಲ್ಲ.

ಕಬ್ಬಿಣದ ಹನಿಯ ವಿಷಯ ಹಾಗಲ್ಲ, ಇದು ಬೇಕೇ ಬೇಕು. ಹಾಲು ಚೆನ್ನಾಗಿ ಹೋಗಲು ಶುರುವಾದ ಮೇಲೆ, ಪುಟ್ಟ ಮಕ್ಕಳಿಗೆ ಸುಮಾರು ಎರಡು ವಾರದಿಂದ, ದಿನಕ್ಕೆ ಕೆಜಿಗೆ 2ರಿಂದ 4 ಮಿಲಿಗ್ರಾಂ ಕೊಡುತ್ತಾರೆ. ಹಲವು ಸಲ ರಕ್ತ ಏರಿಸಿದ ಮಗುವಾದರೆ ಡಾಕ್ಟರು ಫೆರಿಟಿನ್ (ಮೈಯಲ್ಲಿ ಕೂಡಿಟ್ಟ ಕಬ್ಬಿಣ ಎಷ್ಟಿದೆ ಅಂತ ತೋರಿಸುವ ಪರೀಕ್ಷೆ) ನೋಡಿ ಸ್ವಲ್ಪ ತಡವಾಗಿ ಶುರು ಮಾಡಬಹುದು, ಏಕೆಂದರೆ ಏರಿಸಿದ ರಕ್ತದಲ್ಲೂ ಕಬ್ಬಿಣ ಇರುತ್ತದೆ.

ಹೆಜ್ಜೆ 7: ಮನೆಗೆ ಹೋದ ಮೇಲೆ

ಎಷ್ಟೋ ಮಕ್ಕಳು ಮನೆಗೆ ಹೋಗುವ ಹೊತ್ತಿಗೇ ಆ ಇಳಿತದ ವಾರಗಳು ಬಂದಿರುತ್ತವೆ. ಅದಕ್ಕೇ ಬಿಡುಗಡೆಯಾದ ಎರಡು ವಾರದಿಂದ ಒಂದು ತಿಂಗಳೊಳಗೆ ಎಚ್‌ಬಿ, ಎಳೆಯ ಕಣ ನೋಡಿಸಲು ಕರೆಯುತ್ತಾರೆ. ತಪ್ಪಿಸಬೇಡಿ.

ಕಬ್ಬಿಣದ ಹನಿಯಲ್ಲಿ ಆಗುವ ತಪ್ಪು ನಾನು ಜಾಸ್ತಿ ನೋಡಿದ್ದು ಅಳತೆಯದು. ಒಂದೊಂದು ಕಂಪನಿಯ ಬಾಟಲಿಯಲ್ಲಿ ಒಂದೊಂದು ಪ್ರಮಾಣ. ಒಂದೂವರೆ ಕೆಜಿ ಮಗುವಿಗೆ ಕೆಜಿಗೆ 2 ಮಿಲಿಗ್ರಾಂ ಅಂದರೆ ದಿನಕ್ಕೆ 3 ಮಿಲಿಗ್ರಾಂ. ಎಂಎಲ್‌ಗೆ 10 ಮಿಲಿಗ್ರಾಂ ಇರುವ ಬಾಟಲಿಯಾದರೆ 0.3 ಎಂಎಲ್. ಎಂಎಲ್‌ಗೆ 25 ಇರುವುದಾದರೆ 0.12 ಎಂಎಲ್ ಮಾತ್ರ. ಮೆಡಿಕಲ್ ಅಂಗಡಿಯವರು "ಅದೇ ಔಷಧಿ, ಬೇರೆ ಕಂಪನಿ" ಅಂತ ಕೊಟ್ಟರೆ ಫೋನ್ ಮಾಡಿ ಅಳತೆ ಕೇಳದೆ ಕೊಡಬೇಡಿ. ಸೂಜಿ ಇಲ್ಲದ 1 ಎಂಎಲ್ ಸಿರಿಂಜ್‌ನಲ್ಲೇ ಅಳೆಯಿರಿ, ಚಮಚ ಬೇಡ. ತೂಕ ಏರಿದಂತೆ ಅಳತೆಯೂ ಬದಲಾಗುತ್ತದೆ, ಪ್ರತಿ ಸಲ ತೋರಿಸುವಾಗ ಕೇಳಿ. ಹಾಲಿಗೆ ಬೆರೆಸುವ ಪುಡಿ ಕೊಟ್ಟಿದ್ದರೆ ಅದನ್ನೂ ಹೇಳಿ, ಕೆಲವದರಲ್ಲಿ ಕಬ್ಬಿಣ ಇರುತ್ತದೆ. ಕಕ್ಕ ಕಪ್ಪಾದರೆ ಹೆದರಬೇಡಿ. ಮನೆಯಲ್ಲಿ ದೊಡ್ಡ ಮಗು ಇದ್ದರೆ ಬಾಟಲಿ ಕೈಗೆ ಸಿಗದಂತೆ ಇಡಿ, ಒಮ್ಮೆಲೇ ಕುಡಿದರೆ ಅದು ವಿಷ.

"ಬಾಣಂತಿಗೆ ಬೀಟ್‌ರೂಟ್, ದಾಳಿಂಬೆ ಕೊಟ್ಟರೆ ಮಗುವಿಗೆ ರಕ್ತ ಆಗುತ್ತೆ ಅಲ್ವಾ?" ಅಂತ ಅಜ್ಜಿಯರು ಕೇಳುತ್ತಾರೆ. ಬಾಣಂತಿಗೆ ಒಳ್ಳೆಯದು, ಧಾರಾಳವಾಗಿ ಕೊಡಿ. ಆದರೆ ಎದೆಹಾಲಿನಲ್ಲಿರುವ ಕಬ್ಬಿಣ ತಾಯಿಯ ಊಟದಿಂದ ಹೆಚ್ಚೇನೂ ಬದಲಾಗುವುದಿಲ್ಲ. ಮಗುವಿಗೆ ಹನಿಯೇ ಬೇಕು, ಸಾಮಾನ್ಯವಾಗಿ ಒಂದು ವರ್ಷದವರೆಗೆ. ಮಗುವಿಗೇ ಬಜೆ ತೇಯ್ದು ನೆಕ್ಕಿಸುವುದು, ಜೇನು ನೆಕ್ಕಿಸುವುದು ಬೇಡವೇ ಬೇಡ. ಎದೆಗೆ ಅಪ್ಪಿ ಇಟ್ಟುಕೊಳ್ಳುವ ಕಾಂಗರೂ ಆರೈಕೆಯನ್ನು ಮನೆಯಲ್ಲೂ ಮುಂದುವರಿಸಿ, ಅಪ್ಪನೂ ಅಜ್ಜಿಯೂ ಮಾಡಬಹುದು.

34 ವಾರಕ್ಕೆ ಮೊದಲು ಹುಟ್ಟಿದ ಅಥವಾ 2 ಕೆಜಿಗಿಂತ ಕಮ್ಮಿ ಇದ್ದ ಮಗುವಿಗೆ ಹುಟ್ಟಿದ ನಾಲ್ಕು ವಾರದೊಳಗೆ ಕಣ್ಣಿನ ರೆಟಿನಾ ಪರೀಕ್ಷೆ ಆಗಲೇಬೇಕು. 28 ವಾರಕ್ಕೆ ಮೊದಲು ಹುಟ್ಟಿದ್ದರೆ, ಇಲ್ಲವೇ 1200 ಗ್ರಾಂಗಿಂತ ಕಮ್ಮಿ ಇದ್ದರೆ ಇನ್ನೂ ಮೊದಲು, ಎರಡು ಮೂರು ವಾರಕ್ಕೇ. ರಕ್ತ ಏರಿಸಿಕೊಂಡ ಮಕ್ಕಳು ಸಾಮಾನ್ಯವಾಗಿ ಹೆಚ್ಚು ಪುಟ್ಟವರು, ಹೆಚ್ಚು ಕಾಯಿಲೆ ಬಿದ್ದವರು. ಹಾಗಾಗಿ ಅವರಲ್ಲಿ ಇದನ್ನು ಮರೆಯುವ ಹಾಗೇ ಇಲ್ಲ.

ಮನೆಯಲ್ಲಿ ಕಣ್ಣಿಡಬೇಕಾದದ್ದು ಇಷ್ಟು. ಮೊದಲು ಹತ್ತು ಹದಿನೈದು ನಿಮಿಷದಲ್ಲಿ ಹಾಲು ಮುಗಿಸುತ್ತಿದ್ದ ಮಗು ಈಗ ನಡುವೆಯೇ ಸುಸ್ತಾಗಿ ಬಿಡುತ್ತಿದೆ, ಹಣೆ ಬೆವರುತ್ತಿದೆ, ಅಂಗೈ ಅಂಗಾಲು ಬಿಳಿಚಿದೆ, ತೂಕ ನಿಂತಿದೆ ಅಂದರೆ ಮುಂದಿನ ತಾರೀಕಿಗೆ ಕಾಯಬೇಡಿ, ನಾಳೆಯೇ ತೋರಿಸಿ. ಉಸಿರು ನಿಮಿಷಕ್ಕೆ 60ಕ್ಕಿಂತ ಜಾಸ್ತಿಯಾಗಿ ಹಾಗೇ ಇದ್ದರೆ, ಉಸಿರು ನಿಂತಂತಾದರೆ, ತುಟಿ ನೀಲಿಯಾದರೆ ಆ ಕ್ಷಣವೇ 108ಕ್ಕೆ ಕರೆ ಮಾಡಿ. ಹೊರಡುವಾಗ ಬಿಡುಗಡೆಯ ಚೀಟಿ ಮರೆಯಬೇಡಿ. ರಕ್ತ ಏರಿಸಿದ ತಾರೀಕು, ಎಷ್ಟು ಎಂಎಲ್, ಯಾವ ಗುಂಪು, ಕೊನೆಯ ಎಚ್‌ಬಿ, ಈ ನಾಲ್ಕೂ ಅದರಲ್ಲಿ ಇವೆಯಾ ಅಂತ ಆಸ್ಪತ್ರೆ ಬಿಡುವ ದಿನವೇ ಓದಿ ನೋಡಿಕೊಳ್ಳಿ. ಇಲ್ಲದಿದ್ದರೆ ಅಲ್ಲೇ ಬರೆಸಿಕೊಳ್ಳಿ. ಮೊಬೈಲ್‌ನಲ್ಲಿ ಒಂದು ಫೋಟೋ ತೆಗೆದು ಅಪ್ಪನ ಹತ್ತಿರ ಒಂದು, ಅಮ್ಮನ ಹತ್ತಿರ ಒಂದು ಇರಲಿ. ಒಂಬತ್ತನೇ ತಿಂಗಳ ದಡಾರ ಲಸಿಕೆಗೆ ಹೋದಾಗಲೂ ಅದನ್ನು ತೋರಿಸಿ.